ಸರಪಳಿ ಹಾಕದ ಲಿಫ್ಟು

ಲಿಫ್ಟು ಮೊದಲ ಮಹಡಿ ದಾಟಿ ಅರ್ಧದಲ್ಲೇ ಧಡಕ್ಕೆಂದು ನಿಂತಿತು. ಒಳಗಿನಿಂದ ಯಾರೋ ಬಾಗಿಲು ಬಡಿದರು. ಮೆಟ್ಟಿಲು ಹತ್ತುತ್ತಿದ್ದ ಹೀಲಿಯಂ ಟೆಕ್ನಿಷಿಯನ್ ಎರಡೆರಡು ಮೆಟ್ಟಿಲು ಹಾರಿ ಓಡಿದ. ಅದರಲ್ಲಿ ಯಾರೂ ಇರಬಾರದಿತ್ತು.

ಮೇಲಿನ ಪ್ರಯೋಗಾಲಯದಲ್ಲಿ ಲೋಹದ ಚೂರೊಂದನ್ನು ಊಹೆಗೂ ನಿಲುಕದಷ್ಟು ತಣ್ಣಗಾಗಿಸಲು ದ್ರವ ಹೀಲಿಯಂ ಬೇಕು. ಅದನ್ನು ತುಂಬಿದ ಉಕ್ಕಿನ ಪಾತ್ರೆಯನ್ನು ಇಲ್ಲಿ ಎಲ್ಲರೂ ಕೊಡ ಎಂದೇ ಕರೆಯುವುದು. ಕೊಡ ಲಿಫ್ಟಿನಲ್ಲಿ ಒಂಟಿಯಾಗಿಯೇ ಹೋಗಬೇಕು. ಕೆಳಗೊಬ್ಬ ಕಳಿಸುವವನು, ಮೇಲೊಬ್ಬ ಇಳಿಸಿಕೊಳ್ಳುವವನು. ನಡುವೆ ಯಾರೂ ಹತ್ತದಂತೆ ಒಳಬಾಗಿಲಿಗೆ ಅಡ್ಡ ಸರಪಳಿ. ಇವತ್ತು ಪ್ರಯೋಗಾಲಯದ ಮೇಷ್ಟ್ರು ಫೋನಿನಲ್ಲಿ "ಬೇಗ ಕಳ್ಸಯ್ಯಾ, ಇಲ್ಲಿ ಎಲ್ಲಾ ಬಿಸಿಯಾಗ್ತಿದೆ" ಎಂದು ಪ್ರಾಣ ತಿಂದಿದ್ದರು. ಆ ಆತುರದಲ್ಲಿ ಸರಪಳಿ ಟೆಕ್ನಿಷಿಯನ್ನನ ಕೈಯಲ್ಲೇ ಉಳಿದಿತ್ತು.

"ಯಾರ್ರೀ ಒಳಗೆ?" ಎಂದು ಮೊದಲ ಮಹಡಿಯ ಲಿಫ್ಟಿನ ಬಾಗಿಲಿಗೆ ಬಾಯಿಟ್ಟು ಕೂಗಿದ.

"ನಾನೇ ಕಣೋ. ನಿನ್ ಕೊಡ ಬುಸುಗುಡ್ತಿದೆ. ಹಾವು ಸಾಕಿದ್ದೀಯೇನೋ ಇದ್ರಲ್ಲಿ?"

ಅಕ್ಕ! ಮೊದಲ ಮಹಡಿಯ ಗ್ರಂಥಾಲಯದ ಅಕ್ಕ, ಅಮ್ಮ ಹೋದಮೇಲೆ ಅವನನ್ನು ಎತ್ತಿ ಆಡಿಸಿದ ಅಕ್ಕ. ತನ್ನ ಮಹಡಿಯಲ್ಲಿ ಲಿಫ್ಟು ನಿಂತಾಗ, ಸರಪಳಿ ಇಲ್ಲವೆಂದು ಹತ್ತಿರಬೇಕು. ಲಿಫ್ಟು ಕುಲುಕಿದ ಏಟಿಗೆ ದ್ರವ ಅನಿಲವಾಗಿ ಉಕ್ಕುತ್ತಿದೆ. ಆ ಅನಿಲ ವಿಷವೇನಲ್ಲ. ಗಾಳಿಯನ್ನು ಹೊರದಬ್ಬಿ ತಾನು ಕೂರುತ್ತದೆ, ಅಷ್ಟೇ. ಉಸಿರುಗಟ್ಟುತ್ತಿರುವುದು ಒಳಗಿರುವವರಿಗೆ ಗೊತ್ತೂ ಆಗುವುದಿಲ್ಲ.

"ಅಕ್ಕಾ, ಅದು ಹಗುರ, ಮೇಲಿಂದ ತುಂಬ್ಕೊಂಡ್ ಬರುತ್ತೆ. ನೆಲದ ಮೇಲೆ ಮಲ್ಕೊಂಡ್ಬಿಡು! ಬಾಗಿಲ ಸಂದಿಗೆ ಮೂಗಿಡು!"

"ನೆಲ ಎಷ್ಟು ಗಲೀಜಾಗಿದೆ ಗೊತ್ತೇನೋ..." ಮಾತಿನ ಕೊನೆ ಗುಬ್ಬಿಮರಿಯ ದನಿಯಂತೆ ಕೀಚಲಾಯಿತು. ಅವಳಿಗೇ ನಗು ಬಂತು. "ಅಯ್ಯೋ, ನನ್ ದನಿಗೇನಾಯ್ತೋ!"

ಬಲೂನಿನ ಹೀಲಿಯಂ ಎಳೆದುಕೊಂಡು ಹೀಗೇ ಮಾತಾಡಿ ಅವನೂ ಎಷ್ಟೋ ಸಲ ಜನರನ್ನು ನಗಿಸಿದ್ದ. ಈಗ ಎರಡೂ ಕೈಯಿಂದ ಬಾಗಿಲು ಗುದ್ದತೊಡಗಿದ.

"ನಗಬೇಡ್ವೇ! ನಿನ್ ಕಾಲಿಗೆ ಬೀಳ್ತೀನಿ, ಮಲ್ಕೋ!"

ನಗು ನಿಂತಿತು. ಆಮೇಲೆ ಕೊಡದ ಬುಸುಗುಟ್ಟುವಿಕೆಯೊಂದೇ ಕೇಳಿಸುತ್ತಿತ್ತು. "ಅಕ್ಕಾ" ಎಂದ. "ಯಾರಾದ್ರೂ ಬನ್ರೀ!" ಎಂದು ಕೆಳಕ್ಕೆ ಕೂಗಿದ.

ಕಾವಲುಗಾರ ಸಲಾಕೆ ಹಿಡಿದು ಓಡಿಬಂದ. ಇಬ್ಬರೂ ಸೇರಿ ಮೀಟಿದರು. ಬಾಗಿಲು ಗೇಣಷ್ಟು ಸರಿದು ಹಟ ಹಿಡಿಯಿತು. "ತಾಯಿ, ತೆರ್ಕೊಳ್ಳೇ" ಎಂದು ಅವನು ಬಾಗಿಲಿಗೇ ಗೋಗರೆದ. ಕೊನೆಗೊಮ್ಮೆ ತೆರೆದಾಗ ಬಿಳಿ ಮಂಜು ಮುಖಕ್ಕೆ ಬಡಿಯಿತು. ಎದೆಮಟ್ಟದಲ್ಲಿದ್ದ ಲಿಫ್ಟಿನ ನೆಲದ ಮೇಲೆ ಅಕ್ಕ ಮುದುಡಿ ಬಿದ್ದಿದ್ದಳು. ತೋಳು ಹಿಡಿದು ಎಳೆದುಕೊಂಡಾಗ ಅವಳು ನರಳಿದಳು; ಅದೂ ಕೀಚಲು ದನಿಯಲ್ಲಿ. ಕಾವಲುಗಾರ ಉಕ್ಕಿ ಬಂದ ನಗುವಿಗೆ ನಾಚಿ, ಮುಖ ತಿರುಗಿಸಿಕೊಂಡ.

ಕಿಟಕಿಯ ಕೆಳಗೆ ಮಲಗಿಸಿ, ಎರಡೂ ಕೈ ಬಿಗಿಯಾಗಿ ಹಿಡಿದು, ಅವನು ಒಂದೇ ಸಮ ಬೇಡಿದ: "ಮಾತಾಡೇ. ಬಯ್ಯೇ ನನ್ನ. ಏನಾದ್ರೂ ಅನ್ನೇ."

ಅಕ್ಕ ಕೆಮ್ಮಿದಳು. ಉಸಿರೆಳೆದಳು. ಮತ್ತೆ ಎಳೆದಳು.

"ಕೈ ಬಿಡೋ, ನೋಯ್ತಿದೆ," ಎಂದಳು, ತನ್ನದೇ ದಪ್ಪ ದನಿಯಲ್ಲಿ.

ಅವನು ಬಿಡಲಿಲ್ಲ.