ಭೀಮನ್ ಮತ್ತು ಉರುಂಬು

ಆ ವಾರವಿಡೀ ಅಪೂರ್ವಾಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಕೆಲಸ ಮಾಡುತ್ತಿದ್ದುದು ತಿರುವನಂತಪುರದ ಕಳಕ್ಕೂಟಂನ ಐಟಿ ಪಾರ್ಕಿನ ಒಂದು ಗೇಮ್ ಸ್ಟುಡಿಯೋದಲ್ಲಿ. ಅಲ್ಲಿ ಎರಡು ವರ್ಷದಿಂದ ಯುದ್ಧದ ಆಟವೊಂದು ತಯಾರಾಗುತ್ತಿತ್ತು. ನೀರು ಬತ್ತಿಹೋದ ಯಾವುದೋ ಗ್ರಹ, ಅಲ್ಲಿ ತೆಂಗಿನಮರದೆತ್ತರದ ಯಂತ್ರಗಳೊಳಗೆ ಕೂತು ಕಾದಾಡುವ ಮನುಷ್ಯರು. ಎಲ್ಲ ಮುಗಿಯುತ್ತ ಬಂದಿತ್ತು, ಆಟಗಾರನ ಯಂತ್ರಕ್ಕೆ ಕಾಲೆಷ್ಟು ಅನ್ನುವುದೊಂದನ್ನು ಬಿಟ್ಟು. ಎರಡೋ ಆರೋ, ಅದು ಶನಿವಾರ ಕೊಚ್ಚಿಯಲ್ಲಿ ತೀರ್ಮಾನವಾಗುವುದಿತ್ತು.

ಆರು ಕಾಲಿನದು ಅಪೂರ್ವಾಳದು. ಮಂಗಳೂರಿನ ಹುಡುಗಿ, ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಹಾಸ್ಟೆಲ್ ಕೋಣೆಯ ಮೂಲೆಯಲ್ಲಿ ಸಕ್ಕರೆ ಚೆಲ್ಲಿ, ಬಂದ ಇರುವೆಗಳನ್ನು ಫೋನಿನಲ್ಲಿ ಹಿಡಿದು, ಅವು ಯಾವ ಕಾಲು ಎತ್ತಿದಾಗ ಯಾವುದನ್ನು ಊರುತ್ತವೆ ಎಂದು ತಿಂಗಳುಗಟ್ಟಲೆ ನೋಡಿದ್ದಳು. ಯಂತ್ರಕ್ಕೆ ನಡಿಗೆ ಕೂರಿಸುವವರು ಮೊದಲು ಆ ನಡಿಗೆಯನ್ನು ತಾವೇ ನಡೆದು ನೋಡುವುದು ಈ ಕಸುಬಿನ ಪದ್ಧತಿ. ಅದಕ್ಕೆಂದು ಆಫೀಸಿನ ಉದ್ದ ಓಣಿಯಲ್ಲಿ ಮೊಣಕೈ ಮೊಣಕಾಲು ಊರಿ ತೆವಳಿ, ಮಂಡಿಯ ಚರ್ಮ ಕಿತ್ತುಕೊಂಡಿದ್ದಳು. ಕಾವಲಿನ ಚೇಚಿ ಗಾಬರಿಯಿಂದ ಓಡಿ ಬಂದು, "ಮೋಳೇ, ಎಂದಾ ಇದ್?" ಮಗಳೇ, ಏನಿದು ಎಂದು ಎಬ್ಬಿಸಲು ನೋಡಿದ್ದರು. ಹೀಗೆ ಹುಟ್ಟಿದ ಯಂತ್ರಕ್ಕೆ ಆಫೀಸಿನ ಮಲಯಾಳಿಗಳು ಉರುಂಬು ಅಂದರೆ ಇರುವೆ ಎಂದು ಹೆಸರಿಟ್ಟರು. ನೋಡಿದವರಿಗೆ ಅದು ಆರು ಕಾಲು ಹಚ್ಚಿದ ನೀರಿನ ಟ್ಯಾಂಕಿನಂತೆ ಕಂಡರೂ ಅಪೂರ್ವಾಳಿಗೆ ಅದು ಚೆಲುವಿನ ಗಣಿ. ಹೆತ್ತವರಿಗೆ ಹೆಗ್ಗಣ ಮುದ್ದು.

ಎರಡು ಕಾಲಿನದು ಕಾಶೀನಾಥನದು. ಧಾರವಾಡದವನು. ಮೂವತ್ತಾಗದ ಹುಡುಗನಿಗೆ ಅಜ್ಜನ ಹೆಸರಿಟ್ಟ ಮನೆಯವರನ್ನು ಅಪೂರ್ವಾ ದಿನಕ್ಕೊಮ್ಮೆಯಾದರೂ ಆಡಿಕೊಳ್ಳುತ್ತಿದ್ದಳು. ಅವನೋ ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು ಹೊತ್ತು ಅದೇ ಓಣಿಯಲ್ಲಿ ಧಡ್ ಧಡ್ ಎಂದು ನಡೆದು ತನ್ನ ಯಂತ್ರಕ್ಕೆ ಭಾರದ ನಡಿಗೆ ಕಲಿಸಿದ್ದ. ಅದರ ಹೆಸರು ಭೀಮನ್.

ಇಡೀ ಸ್ಟುಡಿಯೋದಲ್ಲಿ ಕನ್ನಡದವರು ಇವರಿಬ್ಬರೇ. ಕ್ಯಾಂಟೀನಿನಲ್ಲಿ ಚಾಯ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಮುಂದಿಟ್ಟುಕೊಂಡು ಮಾಡುತ್ತಿದ್ದ ಜಗಳವೂ ಒಂದೇ.

"ಒಂದು ಕಾಲು ಹೋದ್ರೆ ನಿನ್ನ ಭೀಮನ್ ಎಂತ ಮಾಡ್ತಾನೆ? ಕುಂಟ್ಲಿಕ್ಕೂ ಆಗೂದಿಲ್ಲ. ನನ್ನದಕ್ಕೆ ಒಂದು ಹೋದ್ರೂ ಐದು ಉಂಟು ಮಾರಾಯ."

"ಐದರ ಇರ್ಲಿ, ಐವತ್ತರ ಇರ್ಲಿ. ಆಡಾವ್ರು ಮನಷ್ಯಾರಲ್ಲೇನ? ತಮ್ಮಂಗ ನಡ್ಯೂದನ್ನ ನೋಡಿದ್ರನ ಅದು ತಮ್ದು ಅನಸ್ತದ. ಇರಿವಿ ಒಳಗ ಕುಂತು ಯಾರಿಗೆ ಏನ್ ಅನಸ್ಬೇಕು?"

"ಯುದ್ಧಕ್ಕೆ ಹೋಗೂದಾ, ಮದುವೆಗೆ ಹೋಗೂದಾ? ಬೀಳದಿದ್ರೆ ಸಾಕು."

ಜಗಳ ಮುಗಿದ ಮೇಲೆ ಉಳಿದ ಪಳಂಪೊರಿಯನ್ನು ಅವನು ಮುರಿದು ದೊಡ್ಡ ಪಾಲನ್ನು ಅವಳತ್ತ ತಳ್ಳುತ್ತಿದ್ದ. ಅವಳು ಅದನ್ನು ಗಮನಿಸುತ್ತಲೇ ಇರಲಿಲ್ಲ. ಇಂಥವು ಸಿಗುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ ಬಿಡಿ.

ಆದರೆ ಈಗ ಜಗಳ ಆಟದ ಮಾತಾಗಿ ಉಳಿದಿರಲಿಲ್ಲ. ಎರಡು ಯಂತ್ರಗಳನ್ನು ಸಾಕುವ ಶಕ್ತಿ ಸ್ಟುಡಿಯೋಗಿಲ್ಲ, ಒಂದೇ ಉಳಿಯುವುದು ಎಂದು ಯಜಮಾನ ವಿನ್ಸೆಂಟ್ ಹೇಳಿಬಿಟ್ಟಿದ್ದ. ಉರುಂಬು ಹೋದರೆ ತಾನು ನಾಳೆಯಿಂದ ಕಾಶಿಯ ಭೀಮನಿಗೆ ಬೂಟು ಒರೆಸುವವಳು ಎಂದು ಅಪೂರ್ವಾಳ ಎದೆಯೊಳಗೆ ಯಾರೋ ಹೇಳುತ್ತಲೇ ಇದ್ದರು. ಭಯವಾಗಿತ್ತು ಅವಳಿಗೆ. ಭಯದ ಬೆನ್ನಿಗೆ ಹೊಟ್ಟೆಕಿಚ್ಚೂ ಇತ್ತು.

ಶನಿವಾರ ಬೆಳಗಿನ ರೈಲಿನಲ್ಲಿ ಇಬ್ಬರೂ ತಿರುವನಂತಪುರದಿಂದ ಹೊರಟರು. ವಿನ್ಸೆಂಟ್ ಹಿಂದಿನ ದಿನವೇ ಹೋಗಿದ್ದ. ಬಿಡಿಬಿಡಿಯಾದ ಕೆಲಸವನ್ನೆಲ್ಲ ಸೇರಿಸಿ ಆಟವಾಗಿ ಕಟ್ಟುವುದು ಅಪೂರ್ವಾಳ ಪಾಲಿನದ್ದಾದ್ದರಿಂದ ಎರಡು ಯಂತ್ರಗಳೂ ಅವಳ ಲ್ಯಾಪ್‌ಟಾಪಿನಲ್ಲೇ ಇದ್ದವು. ಕೊಲ್ಲಂ ಹತ್ತಿರ ಬಂದಾಗ ಕಾಶಿ ಮೈಮುರಿದು ಎದ್ದ.

"ಚಾ ತರ್ತೀನಿ. ಭೀಮಪ್ಪನ್ನ ನಿನ್ನ ಕಡೆ ಬಿಟ್ಟು ಹೊಂಟೀನಿ, ಛಲೋತ್ನ್ಯಾಗಿ ನೋಡ್ಕೊ," ಎಂದು ನಗುತ್ತ ಹೋದ.

ಕಿಟಕಿಯಾಚೆ ಹಿನ್ನೀರು ಥಳಥಳಿಸುತ್ತಿತ್ತು. ಅಪೂರ್ವಾ ಲ್ಯಾಪ್‌ಟಾಪ್ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಭೀಮನ್ ವಾಲಿದಾಗ ಎಷ್ಟು ಹೊತ್ತಿನೊಳಗೆ ಇನ್ನೊಂದು ಕಾಲನ್ನು ಊರಿ ಸಾವರಿಸಿಕೊಳ್ಳಬೇಕು ಎಂದು ಹೇಳುವ ಒಂದು ಅಂಕಿ ಇತ್ತು. ಕಾಶಿ ಆ ಒಂದು ಅಂಕಿಗಾಗಿ ವಾರಗಟ್ಟಲೆ ಹೆಣಗಿದ್ದ. ಅವನ ಭೀಮನ್ ವಾಲುತ್ತಲೇ ಇರಲಿಲ್ಲ, ಬೀಗರ ಮನೆಗೆ ಬಂದವರ ಹಾಗೆ ಗಂಭೀರವಾಗಿ ನಡೆಯುತ್ತಿದ್ದ. ಅಪೂರ್ವಾ ಆ ಅಂಕಿಯನ್ನು ಸ್ವಲ್ಪವೇ ಸ್ವಲ್ಪ ಹೆಚ್ಚಿಸಿದಳು. ಕಾಲು ತಡವಾಗಿ ಬರುವಷ್ಟು. ಏರಿಳಿತದ ನೆಲದಲ್ಲಿ ಭೀಮನ್ ತಡವರಿಸುವಷ್ಟು, ಅಜಾಗರೂಕರ ಕೈಗೆ ಸಿಕ್ಕರೆ ಮಕಾಡೆ ಬೀಳುವಷ್ಟು.

ಕಾಶಿ ಎರಡು ಕಾಗದದ ಲೋಟ ಹಿಡಿದು ಬಂದ. ಸಕ್ಕರೆ ಕಡಿಮೆ ಇರುವುದನ್ನು ಅವಳಿಗೆ ಕೊಟ್ಟ. ಅವಳು ಅದನ್ನು ಕಿಟಕಿಯ ಪಕ್ಕ ಇಟ್ಟಳು. ಇನ್ನೂ ಹೊತ್ತಿದೆ, ಸರಿಮಾಡಿಬಿಡಬಹುದು ಅಂದುಕೊಂಡಳು. ಆಲಪ್ಪುಳದಲ್ಲಿ ಅಂದುಕೊಂಡಳು, ಚೇರ್ತಲದಲ್ಲೂ ಅಂದುಕೊಂಡಳು. ಎರ್ನಾಕುಲಂ ಬಂತು.

ಕಲೂರಿನಲ್ಲಿ ಸ್ಟೇಡಿಯಮ್ಮಿನ ಹಿಂದಿನ ರಸ್ತೆಯ ಒಂದು ಹಾಲನ್ನು ವಿನ್ಸೆಂಟ್ ಬಾಡಿಗೆಗೆ ಹಿಡಿದಿದ್ದ. ಆಟ ಎಂದರೆ ಪ್ರಾಣ ಬಿಡುವ ಹುಡುಗ ಹುಡುಗಿಯರು ಎರಡೂ ಯಂತ್ರಗಳನ್ನು ಆಡಿ ನೋಡಲು ಬಂದು ಸಾಲಾಗಿ ಕೂತಿದ್ದರು. ಇಂಥ ಪರೀಕ್ಷೆಗೆ ಒಂದು ಕಟ್ಟುಪಾಡು ಉಂಟು. ಯಂತ್ರ ಮಾಡಿದವರು ಹಿಂದಿನ ಕುರ್ಚಿಯಲ್ಲಿ ಕೂರಬೇಕು, ಬಾಯಿ ತೆರೆಯಬಾರದು. ಹೀಗೆ ಆಡು, ಹಾಗೆ ತಿರುಗಿಸು ಎನ್ನುವಂತಿಲ್ಲ, ಹುಬ್ಬನ್ನೂ ಹಾರಿಸುವಂತಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಬಾಗಿಲ ಮರೆಯಲ್ಲಿ ನಿಂತ ತಾಯಿಯ ಪಾಡು. ಅಪೂರ್ವಾಳ ಕಾಲು ಕುರ್ಚಿಯ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು.

ಮೊದಲು ಉರುಂಬು. ಅದು ಬಂಡೆ ಹತ್ತಿತು, ಕಂದಕ ದಾಟಿತು, ಮುಂದಿನ ಕಾಲಿಗೆ ಗುಂಡು ಬಿದ್ದರೂ ಐದು ಕಾಲಿನಲ್ಲಿ ಸರಸರ ಸಾಗಿತು. ಎಲ್ಲವೂ ಅವಳು ಅಂದುಕೊಂಡ ಹಾಗೇ ಆಯಿತು. ಆಡುವವರು ತೃಪ್ತಿಯಿಂದ ಬೆನ್ನು ಆನಿಸಿ ಕೂತರು. ಫೋರ್ಟ್ ಕೊಚ್ಚಿಯಿಂದ ಬಂದಿದ್ದ ಜುಬೈದಾ ಎಂಬ ಕಾಲೇಜು ಹುಡುಗಿ ಒಂದು ಕೈಯಲ್ಲಿ ಆಡುತ್ತ ಇನ್ನೊಂದು ಕೈಯಲ್ಲಿ ಫೋನು ನೋಡಿದಳು. ಆಮೇಲೆ ಚಂದವಾಗಿ ಆಕಳಿಸಿದಳು. ಅಪೂರ್ವಾಳಿಗೆ ಕಪಾಳಕ್ಕೆ ಬಿದ್ದಂತಾಯಿತು.

ಆಮೇಲೆ ಭೀಮನ್. ಮೂರು ಹೆಜ್ಜೆ ನೆಟ್ಟಗೆ ನಡೆದ. ನಾಲ್ಕನೆಯದರಲ್ಲಿ ಕಲ್ಲು ತಾಗಿ ವಾಲಿದ. ಕಾಲು ತಡವಾಗಿ ಬಂತು.

"ಅಯ್ಯೋ!" ಎಂದಳು ಜುಬೈದಾ. ಅವಳ ಇಡೀ ಮೈ ಕುರ್ಚಿಯಲ್ಲಿ ಬಲಕ್ಕೆ ವಾಲಿ, ತಾನೇ ಬೀಳುತ್ತಿರುವವಳಂತೆ ಮೇಜು ಹಿಡಿದುಕೊಂಡಿತು. ಭೀಮನ್ ಹೇಗೋ ಸಾವರಿಸಿಕೊಂಡ. ಫೋನು ಎತ್ತಲೋ ಹೋಯಿತು. ಪಕ್ಕದ ಹುಡುಗ ಎದ್ದೇ ನಿಂತ. ಸಾಲಿನುದ್ದಕ್ಕೂ ತಲೆಗಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ವಾಲಿದವು. ಒಬ್ಬ ಬಿದ್ದ, ಬೈದ, ನಕ್ಕ, ಇನ್ನೊಮ್ಮೆ ಕೊಡಿ ಎಂದ. ಭೀಮನನ್ನು ಸೇತುವೆಯ ಆಚೆಗೆ ದಾಟಿಸಿದ ಜುಬೈದಾಳ ಹಣೆಯಲ್ಲಿ ಬೆವರಿತ್ತು. ಪಕ್ಕದವನು ತನ್ನ ಸರದಿ ಎಂದು ಕೈಚಾಚಿದರೂ ಅವಳು ಕೊಡಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೀಳಿಸಲೆಂದು ಇಟ್ಟ ಕಾಲೇ ಭೀಮನನ್ನು ಗೆಲ್ಲಿಸಿತು. ಬೀಳಬಹುದಾದದ್ದನ್ನು ಮಾತ್ರ ಮನುಷ್ಯರು ಕೈಹಿಡಿದು ನಡೆಸುತ್ತಾರೆ ಎಂಬುದು ಅಪೂರ್ವಾಳಿಗೆ ಅಲ್ಲಿ, ಆ ಹಿಂದಿನ ಕುರ್ಚಿಯಲ್ಲಿ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವಾಗಲಿಲ್ಲ, ಅಳು ಬಂತು.

ಆಟಗಾರರು ಹೋದ ಮೇಲೆ ವಿನ್ಸೆಂಟ್ ಕುಣಿಯುವುದೊಂದು ಬಾಕಿ. "ಈ ತಡವರಿಕೆ ಯಾರ ಐಡಿಯಾ? ಕಾಶೀ, ಕಳೆದ ವಾರ ಇದು ಇರಲಿಲ್ಲವಲ್ಲ!" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಪೂರ್ವಾ ಸುಮ್ಮನೆ ಲ್ಯಾಪ್‌ಟಾಪಿನ ಮುಚ್ಚಳ ಒರೆಸತೊಡಗಿದಳು. ಕಾಶಿ ಅವಳ ಕೈಯನ್ನೇ ನೋಡುತ್ತಿದ್ದ.

"ನಾನಲ್ಲ," ಎಂದು ವಿನ್ಸೆಂಟನಿಗೆ ಹೇಳಿದ. ಆಮೇಲೆ ಅವಳತ್ತ ತಿರುಗಿ, ದನಿ ತಗ್ಗಿಸಿ, "ನೀ ಮಾಡಿದ್ಯಾ?" ಎಂದ.

"ಹೌದು."

"ಯಾವಾಗ?"

"ರೈಲಲ್ಲಿ. ನೀನು ಚಾ ತರ್ಲಿಕ್ಕೆ ಹೋದಾಗ."

"ಯಾಕ?"

ಅವಳು ಸುಳ್ಳು ಹೇಳಬಹುದಿತ್ತು. ಆದರೆ ಆ ಮುಖದ ಎದುರಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ. "ನಿನ್ನದು ಸೋಲ್ಲಿ ಅಂತ, ಕಾಶಿ. ಎಲ್ಲರೆದುರು ಬಿದ್ದು ಸೋಲ್ಲಿ ಅಂತ ಮಾಡಿದ್ದು."

ಕಾಶಿಯ ಮುಖದಲ್ಲಿ ಏನೋ ಒಂದು ನಿಂತುಹೋಯಿತು. ಕನ್ನಡ ಬಾರದ ವಿನ್ಸೆಂಟ್ ಇಬ್ಬರನ್ನೂ ನೋಡಿ, ಏನಂತೆ, ಏನು ಹೇಳುತ್ತಿದ್ದಾಳೆ ಎಂದು ಅವಸರಿಸಿದ.

ಕಾಶಿ ವಿನ್ಸೆಂಟನತ್ತ ತಿರುಗಿದ. "ಆಡುವವರಿಗೆ ಸ್ವಲ್ಪ ಅಂಜಿಕೆ ಇರಬೇಕು ಅನ್ನಿಸಿತಂತೆ ಅವಳಿಗೆ. ಅದಕ್ಕೇ ಬದಲಾಯಿಸಿದಳಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಲ್ಲ ಎನ್ನಲು ಅಪೂರ್ವಾಳಿಗೂ ಇಂಗ್ಲಿಷ್ ಬರುತ್ತಿತ್ತು. ಒಂದು ಮಾತು ಸಾಕಿತ್ತು. ವಿನ್ಸೆಂಟ್ ಆಗಲೇ ಅವಳ ಕೈ ಹಿಡಿದು ಕುಲುಕುತ್ತಿದ್ದ. ಇದನ್ನು ಕಂಡುಕೊಂಡವಳೇ ಇದನ್ನು ಬೆಳೆಸಬೇಕು, ಇವತ್ತಿನಿಂದ ಭೀಮನ್ ನಿನ್ನದು ಎಂದ. ಉರುಂಬನ್ನು ಎಸೆಯುವುದು ಬೇಡ, ವೈರಿಗಳ ಸೈನ್ಯ ಮಾಡೋಣ, ಹಿಂಡು ಹಿಂಡಾಗಿ ಬರಲಿ, ಭೀಮನ್ ಹೊಡೆದು ಉರುಳಿಸಲಿ ಎಂದ. ಅದು ಹೇಗೆ ಮುರಿಯಬೇಕು, ಹೇಗೆ ಬೀಳಬೇಕು ಎನ್ನುವುದನ್ನೆಲ್ಲ ಕಾಶಿ ನೋಡಿಕೊಳ್ಳಲಿ ಎಂದ. ಅಪೂರ್ವಾ ಬಾಯಿ ತೆರೆಯಲಿಲ್ಲ. ಕಟ್ಟುಪಾಡಿನ ಕಾಲ ಮುಗಿದಿತ್ತು, ಆದರೂ ತೆರೆಯಲಿಲ್ಲ.

ವಿನ್ಸೆಂಟ್ ಯಾರಿಗೋ ಫೋನು ಮಾಡುತ್ತ ಕಾರು ಹತ್ತಿ ಹೋದ. ವಾಪಸು ರೈಲಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕಲೂರು ಬಸ್‌ಸ್ಟ್ಯಾಂಡಿನ ಎದುರಿನ ಚಾಯದ ಅಂಗಡಿಯಲ್ಲಿ ಕೂತರು. ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು, ಕಂಡಕ್ಟರುಗಳು ಬಾಗಿಲು ಬಡಿದು ಊರ ಹೆಸರು ಕೂಗುತ್ತಿದ್ದರು. ಅಪೂರ್ವಾ ಕ್ಷಮೆ ಕೇಳಲು ಮೂರು ಸಲ ಮಾತು ಜೋಡಿಸಿಕೊಂಡಳು. ಮೂರು ಸಲವೂ ಒಂದು ಬಸ್ಸು ಅಡ್ಡ ಬಂತು. ಬಸ್ಸಿನದೇನು ತಪ್ಪು, ಅವಳಿಗೆ ಧೈರ್ಯವಿರಲಿಲ್ಲ ಅಷ್ಟೆ.

"ಕಾಶಿ, ಬೈದಾದ್ರೂ ಬಿಡು ಮಾರಾಯ," ಎಂದಳು ಕೊನೆಗೆ.

ಅವನು ಬೈಯಲಿಲ್ಲ. ಅವಳ ಚೀಲದಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ತೊಡೆಯ ಮೇಲಿಟ್ಟು ಉರುಂಬನ್ನು ತೆರೆದ. ಸೋಮವಾರದ ಕೆಲಸವನ್ನು ಶನಿವಾರವೇ ಹಿಡಿಯುವವನಲ್ಲ ಅವನು. ತೆರೆಯ ಮೇಲೆ ಅದು ಆರು ಕಾಲೂರಿ, ಯಾರಾದರೂ ನಡೆಸುತ್ತಾರೆಂದು ಕಾಯುತ್ತ ನಿಂತಿತ್ತು.

"ಯಾವ ಕಾಲು ಮೊದಲ ಮುರೀಬೇಕು?" ಎಂದು ಕೇಳಿದ.

ಅವಳು ಅವನ ಮುಖ ನೋಡಿದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಕೆಲಸ ಕೇಳುವ ಮುಖ. ಮುಂದಿನದು ಎನ್ನಬಹುದಿತ್ತು. ಮುಂದಿನ ಕಾಲು ಹೋದರೆ ಉರುಂಬು ಬೀಳುವುದಿಲ್ಲ, ಗುಂಡಿನ ಮೇಲೆ ಗುಂಡು ಬಿದ್ದರೂ ತೆವಳಿಕೊಂಡು ಇನ್ನಷ್ಟು ದೂರ ಬದುಕುತ್ತದೆ. ಎರಡು ವರ್ಷ ಎಲ್ಲರಿಗೂ ಅವಳು ಮುರಿದು ತೋರಿಸಿದ್ದು ಆ ಮುಂದಿನ ಕಾಲನ್ನೇ.

"ನಡುವಿನದು," ಎಂದಳು. "ಅದು ಒಂದು ಸರ್ತಿಗೆ ಮೂರು ಕಾಲಿನ ಮೇಲೆ ನಿಲ್ಲೂದು. ಒಂದು ಬದಿಯ ಎರಡು, ಇನ್ನೊಂದು ಬದಿಯ ನಡುವಿನದು ಒಂದು. ಆ ಒಂದು ಹೋದ್ರೆ ಆ ಬದಿಗೆ ಎಂತದೂ ಇಲ್ಲ. ಮತ್ತೆ ಏಳೂದಿಲ್ಲ."

ಕಾಶಿಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ಇದು ಮೊದಲ ಗೊತ್ತಿತ್ತೇನು ನಿನಗ?"

"ಸುರುವಿಂದ್ಲೂ ಗೊತ್ತುಂಟು."

"ಎರಡು ವರ್ಷ ಜಗಳಾಡಿದ್ವಿ. ಒಂದ್ ದಿನಾನೂ ಹೇಳ್ಲಿಲ್ಲ."

"ನೀನು ಒಮ್ಮೆಯಾದ್ರೂ ಮುರಿದು ನೋಡ್ಬಹುದಿತ್ತಲ್ಲ. ಯಾಕೆ ನೋಡ್ಲಿಲ್ಲ?"

"ಬೀಳೂದಿಲ್ಲ ಅಂತ ನೀ ಹೇಳಿದ್ದಿ," ಎಂದ ಕಾಶಿ. "ನಾ ನಂಬಿದ್ದೆ." ತೆರೆಯ ಕಡೆಗೆ ತಿರುಗಿ, ಆ ಕಾಲನ್ನು ಕಿತ್ತ.