ಹೊಲಿಗೆ ಆರಿದ ಮೇಲೆ

ಮುಂಜಾನೆ ಅಪ್ಪನ ಕಣ್ಣಿನ ಬಿಳಿಯನ್ನು ಕದ್ದು ನೋಡುವ ಚಟ ನನಗೆ ಅಂಟಿಕೊಂಡಿತ್ತು. ಹಳದಿ ತಿರುಗಿದೆಯೋ ಇಲ್ಲವೋ ಎಂಬ ಹೆದರಿಕೆ ಒಂದು. ಹಾಗೆ ನೋಡುವಾಗ ಸಿಕ್ಕಿಬಿದ್ದರೆ ಏನು ಹೇಳಲಿ ಎಂಬ ಚಿಂತೆ ಅದಕ್ಕಿಂತ ದೊಡ್ಡದು. ಇದನ್ನು ಡೈರಿಯಲ್ಲಿ ಕೂಡ ಬರೆದಿರಲಿಲ್ಲ. ಬರೆದರೆ ಎಲ್ಲಿ ಖರೆ ಆಗುತ್ತದೋ ಎಂಬ ಹುಚ್ಚು ಭಯ.

ಕೊನೆಗೊಂದು ದಿನ ಸಿಕ್ಕಿಯೇ ಬಿದ್ದೆ.

"ಯಾಕ ಬೇ ರಾಜಿ, ನನ್ನ ಮಾರಿ ಮ್ಯಾಲ ಪೇಪರ್ ಅಚ್ಚಾಗೇತೇನ? ದಿನಾ ಓದತಿ," ಎಂದ ಅಪ್ಪ, ಬಚ್ಚಲ ಬಾಗಿಲಲ್ಲಿ ಬಾಯಿ ಮುಕ್ಕಳಿಸುತ್ತ.

"ಏನಿಲ್ಲಪ್ಪಾ."

"ಛಲೋ ಸುದ್ದಿ ಇದ್ರ ನನಗೂ ಓದಿ ಹೇಳು."

ನಾನು ನೀರಿನ ಕೊಡ ಎತ್ತಿಕೊಂಡು ಒಳಗೆ ಹೋದೆ.

ಬೇಸಿಗೆಯಲ್ಲಿ ಬೆಳಗಾವಿಯ ಆಸ್ಪತ್ರೆಯಲ್ಲಿ ಅಪ್ಪನ ಲಿವರಿನ ಒಂದು ಭಾಗವನ್ನು ಗಂಟಿನ ಸಮೇತ ಕೊಯ್ದು ತೆಗೆದಿದ್ದರು. ಅದು ಸಾದಾ ಗಡ್ಡಿ ಎಂದೇ ಅಪ್ಪನಿಗೆ ಗೊತ್ತು. ನಮ್ಮ ಓಣಿಗಂತೂ ಅದು ಪಿತ್ತಕೋಶದ ಹರಳು. ಲಿವರ್ ಎಂದರೆ ಮಂದಿ ಕುಡುಕ ಅನ್ನುತ್ತಾರೆ ಎಂದು ಅವ್ವ ಹರಳಿನ ಕಥೆ ಕಟ್ಟಿದ್ದಳು. ಅಪ್ಪ ಹೆಂಡದ ಹನಿ ಮುಟ್ಟಿದವನಲ್ಲ. ಯಾವ ಕಾಲಕ್ಕೋ ರಕ್ತ ಸೇರಿದ ಕಾಮಾಲೆಯ ವೈರಸ್ ಸದ್ದಿಲ್ಲದೆ ಒಳಗೆ ಕೂತು ಈ ಕೆಲಸ ಮಾಡಿತ್ತು.

ಗಂಟಿನ ರಿಪೋರ್ಟ್ ಬಂದ ದಿನ ಅಪ್ಪನನ್ನು ಅವ್ವನ ಜೊತೆ ಚಹಾಕ್ಕೆ ಕಳಿಸಿ, ಡಾಕ್ಟರು ನನ್ನನ್ನೂ ಮುತ್ತಣ್ಣ ಕಾಕಾನನ್ನೂ ಒಳಗೆ ಕರೆದಿದ್ದರು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಗಂಟಿನ ಅಳತೆ, ರಕ್ತದ ಪರೀಕ್ಷೆ, ಸಣ್ಣ ಸಣ್ಣ ರಕ್ತನಾಳಗಳಲ್ಲಿ ಕ್ಯಾನ್ಸರಿನ ಕಣಗಳು ಕಂಡದ್ದು, ಎಲ್ಲವನ್ನೂ ಅವರು ಕಂಪ್ಯೂಟರಿಗೆ ತುಂಬಿದರು. ಪರದೆಯ ಮೇಲೆ ಇಳಿಜಾರಿನ ಗೆರೆಯೊಂದು ಮೂಡಿತು.

"ಇಂಥಾ ರಿಪೋರ್ಟ್ ಇದ್ದ ಹತ್ತು ಮಂದಿ ಒಳಗ ಆರು ಮಂದಿಗೆ ಎರಡು ವರ್ಷದಾಗ ತಿರುಗಿ ಬರೋ ಸಾಧ್ಯತೆ ಅದ," ಎಂದರು.

"ನಮ್ಮ ಅಪ್ಪ ಆ ಆರರಾಗ ಅದಾನೇನ್ರಿ, ಉಳಿದ ನಾಕರಾಗ ಅದಾನೇನ್ರಿ?" ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಮುಂದೆ ಬಾಗಿ ಇನ್ನೊಮ್ಮೆ ಕೇಳಿಸಿಕೊಂಡರು.

"ಅದನ್ನ ಈ ಲೆಕ್ಕ ಹೇಳೂದಿಲ್ಲಮ್ಮ. ಅದಕ್ಕ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಸಬೇಕು. ಸಣ್ಣದಿದ್ದಾಗ ಸಿಕ್ಕರ ಮತ್ತ ಏನಾರ ಮಾಡಲಿಕ್ಕೆ ಬರ್ತದ. ಒಂದೂ ತಪ್ಪಸಬ್ಯಾಡ್ರಿ."

ಅಂದಿನಿಂದ ಚಹಾದಂಗಡಿಯ ಕಟ್ಟೆಯ ಮೇಲೆ ಕೂತ ಗಂಡಸರನ್ನು ಕಂಡರೆ ಸಾಕು, ನನ್ನ ಮನಸ್ಸು ಇವರು ಆ ಕಡೆ, ಇವರು ಈ ಕಡೆ ಎಂದು ಬೇರೆ ಮಾಡಿ ಕೂಡ್ರಿಸುತ್ತದೆ. ಅಪ್ಪನನ್ನು ಮಾತ್ರ ಎಲ್ಲಿಯೂ ಕೂಡ್ರಿಸಲಾಗುವುದಿಲ್ಲ.

ನಮ್ಮೂರು ರಬಕವಿಗೆ ಮರಳುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದ. ಕಾಕಾ ಪಿಸುದನಿಯಲ್ಲಿ ತೀರ್ಮಾನ ಹೇಳಿದ. "ಅಣ್ಣಗ ಏನೂ ಗೊತ್ತಾಗಬಾರದು. ಆ ಹೆಸರ ಕೇಳಿದ್ರ ಅರ್ಧಾ ಜೀವ ಅಲ್ಲೇ ಹೋಗತೈತಿ."

"ತಿರುಗಿ ತಿರುಗಿ ದವಾಖಾನಿಗೆ ಯಾಕಂತ ಕೇಳಿದ್ರ?" ಎಂದೆ ನಾನು.

"ಹೊಲಿಗಿ ನೋಡಾಕ ಅನ್ನು."

ಅವ್ವ ನನ್ನ ಕೈ ಹಿಡಿದು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. "ನನ್ನ ಕುಂಕುಮದ ಆಣಿ ಐತಿ ನಿನಗ." ಬೆರಳಿಗೆ ಕುಂಕುಮ ಹತ್ತಿತು. ಬಸ್ಸಿನಲ್ಲಿ ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

ಮೊದಲ ಸಲ ಹೊಲಿಗೆಯ ನೆಪ ನಡೆಯಿತು. ಗಾಯ ಹಸಿ ಇತ್ತು, ಅಪ್ಪ ಸುಮ್ಮನೆ ಬಂದ, ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡನೆಯದು ಬರುವ ಸೋಮವಾರ.

ಅಪ್ಪನ ಕಣ್ಣು ನೋಡುತ್ತ ಸಿಕ್ಕಿಬಿದ್ದ ದಿನವೇ ಮಧ್ಯಾಹ್ನ ಮಗ್ಗಕ್ಕೆ ಹೊಸ ಹಾಸು ಕೆಚ್ಚಲು ಕೂತಿದ್ದೆವು. ಹಳೆಯ ನೂಲಿನ ಒಂದೊಂದು ತುದಿಗೂ ಹೊಸ ನೂಲಿನ ಒಂದೊಂದು ತುದಿ ಸೇರಿಸಿ ಹೊಸೆಯುವ ಕೆಲಸ. ನಾನು ಎಳೆ ಆರಿಸಿ ಕೊಡಬೇಕು, ಎದುರಿಗೆ ಕೂತ ಅಪ್ಪ ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯಬೇಕು. ಸಾವಿರಾರು ಎಳೆ. ನಡುವೆ ಎದ್ದರೆ ಲೆಕ್ಕ ತಪ್ಪಿ ಎಲ್ಲ ಸಿಕ್ಕಾಗುತ್ತದೆ. ನನ್ನ ಬೆನ್ನಿಗೆ ಗೋಡೆ, ಮೊಣಕಾಲಿಗೆ ಮಗ್ಗದ ಕಟ್ಟಿಗೆ. ಕಾಕಾ ಪಕ್ಕದ ಮಗ್ಗ ಓಡಿಸುತ್ತಿದ್ದ. ಹೊಸ್ತಿಲಲ್ಲಿ ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಗದ್ದಲದ ಮರೆಯಲ್ಲಿ ಬದುಕುವ ನನಗೆ ಈ ಸುಮ್ಮನಿರುವಿಕೆ ಯಾವಾಗಲೂ ಬತ್ತಲೆ ನಿಂತ ಹಾಗೆ.

"ಮುತ್ತಣ್ಣಾ, ಸೋಮವಾರ ನಾ ಬೆಳಗಾವಿಗೆ ಬರಂಗಿಲ್ಲೋ," ಎಂದ ಅಪ್ಪ, ಕೈ ನಿಲ್ಲಿಸದೆ.

"ಹಂಗಂದ್ರ ಹೆಂಗ? ಡಾಕ್ಟರು ಹೇಳ್ಯಾರ."

"ಹೊಲಿಗಿ ನೋಡಾಕ ಹೇಳ್ಯಾರ. ಇಲ್ನೋಡು." ಅಪ್ಪ ಮೊಣಕೈಯಿಂದಲೇ ಅಂಗಿ ಸರಿಸಿದ. ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ ನುಣುಪಾದ ಗೆರೆ. "ಎಷ್ಟು ಹಸನಾಗಿ ಆರೇತಿ. ನಾವು ಕೆಚ್ಚಿದ್ರೂ ಇಷ್ಟ ಕೂಡಂಗಿಲ್ಲ. ಆ ಡಾಕ್ಟರನ್ನ ತಂದು ಇಲ್ಲಿ ಕುಂಡ್ರಸಬೇಕ ಖರೆ."

ಅವ್ವ ನಕ್ಕಂತೆ ಮಾಡಿದಳು. "ಒಮ್ಮೆ ಹೋಗಿ ಬರ್ರಿ, ಏನಾಗತೈತಿ?"

"ಆರಿದ ಹೊಲಿಗಿ ಏನ್ ನೋಡ್ತಾರ? ರಾಜಿ ಫೋನಿನಾಗ ಫೋಟೋ ತಗದು ಕಳಸ್ಲಿ, ಕುಂತಲ್ಲೇ ನೋಡ್ಲಿ."

"ಒಳಗ ಒಂದ್ ಹೊಲಿಗಿ ಇರತೈತಣ್ಣಾ," ಎಂದ ಕಾಕಾ.

"ಒಳಗಿಂದೂ ಆರೇತಿ. ಎರಡ್ ರೊಟ್ಟಿ ಹೆಚ್ಚಿಗಿ ತಿನ್ನಾಕತ್ತೇನಿ, ಇಲ್ಲೇ ಕುಂತಾಳಲ್ಲ ನಿಮ್ಮ ವೈನಿ, ಕೇಳು. ನೇಕಾರಗ ಹೊಲಿಗಿ ಪಾಠಾ ಹೇಳತಿ ಏನಲೇ?"

ಕಾಕಾ ತಲೆ ಕೆರೆದುಕೊಂಡು ಅವ್ವನನ್ನು ನೋಡಿದ. ಅವ್ವ ಕಂಡಿಕೆ ನೋಡಿದಳು.

"ಆತು ಬಿಡು," ಎಂದ ಕಾಕಾ. "ದೀಪಾವಳಿ ಮುಗದ ಮ್ಯಾಲ ಹೋದ್ರಾತು."

"ಹೂಂ, ಹಬ್ಬ ಆಗ್ಲಿ," ಎಂದಳು ಅವ್ವ. ಅವಳ ಮುಖದಲ್ಲಿ ಹಗುರಾದ ಕಳೆ ಕಂಡಿತು. ಅಪ್ಪನನ್ನು ಕಾಯಲೆಂದು ಹೇಳಿದ ಸುಳ್ಳು ಈಗ ಅಪ್ಪನನ್ನೇ ಮನೆಯಲ್ಲಿ ಕೂಡಿಹಾಕಿತ್ತು. ಬಾಗಿಲು ಹಾಕಿದವರು ಬೇರಾರೂ ಅಲ್ಲ, ನಾವೇ. ಕರೆಂಟ್ ಬರಲಿ, ಮಗ್ಗ ಓಡಲಿ, ಈ ಮಾತು ಅದರಡಿ ಮುಚ್ಚಿಹೋಗಲಿ ಎಂದು ನಾನೂ ಒಂದು ಕ್ಷಣ ಬೇಡಿಕೊಂಡೆ. ಬರಲಿಲ್ಲ.

"ಎಳಿ ಕೊಡು ಬೇ," ಎಂದ ಅಪ್ಪ.

ನನ್ನ ಬೆರಳು ಎಳೆ ಹಿಡಿದಲ್ಲಿಯೇ ನಿಂತಿತ್ತು.

"ರಾಜಿ. ಏನಾತು?"

ಕಾಕಾ ಕಣ್ಣಲ್ಲೇ ಬೇಡವೆಂದ. ಅವ್ವನ ಕೈ ಹಣೆಯ ಕಡೆಗೆ ಹೋಯಿತು. ನಾನು ಅಪ್ಪನ ಬೂದಿ ಮೆತ್ತಿದ ಬೆರಳುಗಳನ್ನೇ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಹೊಲಿಗಿ ನೋಡಾಕಲ್ಲಪ್ಪಾ. ಆ ಗಡ್ಡಿ ಕ್ಯಾನ್ಸರ್ ಆಗಿತ್ತು. ಅದು ತಿರುಗಿ ಬರಬಹುದು."