ಹಲಗೆಗೆ ಬಂದ ಬಹುವಚನ

ಗಂಡ ತನ್ನನ್ನು ಬಹುವಚನದಲ್ಲಿ ಕರೆದ ದಿನ ಅವಳು ಆಸ್ಪತ್ರೆಯ ಲಾಂಡ್ರಿ ಕೆಲಸ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಚಪ್ಪಲಿ ಬಿಡುತ್ತಿರುವಾಗಲೇ ಒಳಕೋಣೆಯಿಂದ, ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವಂಥ ಹೆಣ್ಣುದನಿಯೊಂದು, "ದಯವಿಟ್ಟು ನನಗೆ ನೀರನ್ನು ನೀಡುವಿರಾ?" ಎಂದಿತು. ಯಾರೋ ನೆಂಟರು ಬಂದಿರಬೇಕೆಂದು ಕೂದಲು ಸರಿಮಾಡಿಕೊಂಡು ಒಳಗೆ ಹೋದರೆ ಅಲ್ಲಿದ್ದವನು ಗಂಡನೊಬ್ಬನೇ. ತೊಡೆಯ ಮೇಲೆ ಮಾತಿನ ಹಲಗೆ, ಮುಖದಲ್ಲಿ ಏನೋ ಒಡೆದುಹಾಕಿ ಸಿಕ್ಕಿಬಿದ್ದವನ ಕಳೆ.

ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಡಿಪೋದವರು ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ಬಾಯಿಗೆ ಬೀಗ ಇಲ್ಲದ ಮನುಷ್ಯ. ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಹಲಗೆ ಬಂದದ್ದು ಆಮೇಲೆ. ಪುಸ್ತಕದಗಲದ ಪರದೆ, ಅದರ ಮೇಲೆ ಲೋಟ, ತಟ್ಟೆ, ದಿಂಬು ಎಂದು ಸಾಲು ಚಿತ್ರಗಳು. ಚಿತ್ರ ಒತ್ತಿದರೆ ಅದರಲ್ಲಿ ತುಂಬಿಟ್ಟ ಮಾತು ಹೊರಗೆ ಬರುತ್ತದೆ. ಕೂತು ತುಂಬಿದವಳು ಅವಳೇ. ಲೋಟ ಒತ್ತಿದರೆ "ನೀರು ಕೊಡೇ". ತಟ್ಟೆ ಒತ್ತಿದರೆ "ಊಟ ಚೆನ್ನಾಗಿದೆ ಕಣೇ". ದಿಂಬು ಒತ್ತಿದರೆ "ನೀ ಮಲಕ್ಕೋ ಹೋಗು, ನಂಗೇನೂ ಬೇಡ". ದನಿ ಗಂಡಸಿನದು, ಕೊಂಚ ಗೊಗ್ಗರು. ಅವನ ದನಿಯಲ್ಲ, ಆದರೂ ಮನೆಗೆ ಒಗ್ಗಿಹೋಗಿತ್ತು.

ಹಲಗೆ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿತ್ತು. ಅದನ್ನು ಉಸಿರಾಡಿಸಿಕೊಂಡು ಬಂದವರು ಬಳಸುವ ಮನೆಗಳವರೇ, ಅವರಲ್ಲಿ ಕಂಪ್ಯೂಟರ್ ಬಲ್ಲ ನಾಲ್ಕು ಮಂದಿ. ಮೊಬೈಲಿನಲ್ಲಿ ಎಲ್ಲರದೂ ಒಂದು ಗ್ರೂಪು. ಆ ನಾಲ್ವರು ಬಿಡುವಾದಾಗ ಏನೋ ತಿದ್ದುತ್ತಿದ್ದರು, ಅಪ್‌ಡೇಟ್ ಎಂದು ಕಳಿಸುತ್ತಿದ್ದರು, ಅದು ಇದ್ದಕ್ಕಿದ್ದ ಹಾಗೆ ಹಲಗೆಯ ಮೇಲೆ ಬಂದು ನಿಲ್ಲುತ್ತಿತ್ತು.

ಹಗಲು ಅಣ್ಣನನ್ನು ನೋಡಿಕೊಳ್ಳುತ್ತಿದ್ದ ನಾದಿನಿ ಅಡಿಗೆಮನೆಯಿಂದ ಓಡಿ ಬಂದಳು.

"ನಂದೇನೂ ತಪ್ಪಿಲ್ಲ ಅತ್ತಿಗೆ. ನಾನು ಬಟ್ಟೆ ಒಣಗಿಸ್ತಿದ್ದೆ. ಅಣ್ಣನಿಗೆ ಬಾಯಾರಿದೆ, ಲೋಟ ಒತ್ತೋಣ ಅಂದ್ರೆ ಅದರ ಮೇಲೇ ಹೊಸ ಆವೃತ್ತಿ ಬಂದಿದೆ ಅಂತ ಒಂದು ಚೌಕ ಬಂದು ಕೂತಿದೆ. ಅದ್ರಲ್ಲಿ 'ಸರಿ' ಅಂತ ಒಂದೇ ಗುಂಡಿ. 'ಬೇಡ' ಅಂತ ಇನ್ನೊಂದು ಇದ್ರೆ ತಾನೆ? ಒತ್ತಿದಾನೆ. ಆಮೇಲೆ ಪರದೆ ಪೂರ್ತಿ ಕಪ್ಪು, ನಡುವೆ ಒಂದು ಬಿಲ್ಲೆ ತಿರುಗ್ತಾ ಇತ್ತು. ನಾನು ಬಂದು ನೋಡೋವರೆಗೂ ಪಾಪ ಬಾಯಾರಿಕೊಂಡೇ ಕೂತಿದ್ದ."

ಅವಳು ತಟ್ಟೆಯ ಚಿತ್ರ ಒತ್ತಿದಳು. "ಆಹಾರವು ರುಚಿಕರವಾಗಿದೆ. ಧನ್ಯವಾದಗಳು." ದಿಂಬು ಒತ್ತಿದಳು. "ನಾನು ವಿಶ್ರಾಂತಿ ಪಡೆಯಲು ಬಯಸುತ್ತೇನೆ." ನಾದಿನಿಗೆ ನಗು ತಡೆಯಲಾಗಲಿಲ್ಲ. "ಅಣ್ಣ ಇಷ್ಟು ಮರ್ಯಾದೆಯಾಗಿ ಮಾತಾಡಿದ್ದು ಹುಟ್ಟಿದಮೇಲೆ ಇದೇ ಮೊದಲು."

ಅವಳಿಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದಿಂದ ಬರುವ ಬಿಸಿ ಹಾಸುಬಟ್ಟೆ ಹಿಡಿದು ಹಿಡಿದು ಬೆರಳುಗಳಿಗೆ ಸುಡುವುದೇ ತಿಳಿಯುತ್ತಿರಲಿಲ್ಲ. ಈಚೀಚೆಗೆ ಉಳಿದ ವಿಷಯಗಳೂ ಹಾಗೇ ಆಗಿದ್ದವು. ಗಂಡನಿಗೆ ನೀರು ಕುಡಿಸಿ, ಬಾಯಿ ಒರೆಸಿ, ಮೊಬೈಲು ತೆಗೆದು ಗ್ರೂಪಿನಲ್ಲಿ ಬರೆದಳು: ನಮ್ಮ ಮಾತುಗಳೆಲ್ಲ ಹೋಗಿವೆ, ವಾಪಸು ಬರುತ್ತವೆಯೇ?

ಉತ್ತರಗಳು ಬಂದವು. ಒಬ್ಬರು, "ಬ್ಯಾಕಪ್ ತಗೊಂಡಿರಲಿಲ್ವಾ?" ಎಂದರು. ಇನ್ನೊಬ್ಬರು, "ಮುಂಚೇನೇ ಹೇಳಿದ್ವಲ್ಲ, ಮೇಲೆ ಹೋಗಿ ನೋಡಿ" ಎಂದರು. ಅವಳು ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತಾ ಹೋದಳು. ಯಾರದೋ ಮೊಮ್ಮಗುವಿಗೆ ಹುಟ್ಟುಹಬ್ಬದ ಶುಭಾಶಯ, ಹೂವಿನ ಚಿತ್ರ, ಗಾಲಿಕುರ್ಚಿ ಮಾರಾಟಕ್ಕಿದೆ, ಮತ್ತೆ ಹೂವಿನ ಚಿತ್ರ, ಇವುಗಳ ಸಂದಿಯಲ್ಲಿ ಒಂದು ಸಾಲು: ಹೊಸ ಆವೃತ್ತಿಯ ವಿವರಕ್ಕೆ ಲಿಂಕ್ ಒತ್ತಿ. ಒತ್ತಿದಳು. ಈ ಪುಟ ಈಗಿಲ್ಲ ಎಂದು ಬಂತು. ಅದನ್ನೂ ಗ್ರೂಪಿನಲ್ಲಿ ಹೇಳಿದಳು. ಹಳೇ ಆವೃತ್ತಿಗೆ ಹಿಂದಿರುಗಬಹುದು, ಆದರೆ ಆ ಫೈಲಿಗೆ ಪಾಸ್‌ವರ್ಡ್ ಇದೆ, ಪಾಸ್‌ವರ್ಡ್ ಗೊತ್ತಿರುವವರು ಊರಲ್ಲಿಲ್ಲ ಎಂದರು. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ, "ಪುಕ್ಕಟೆ ಸಿಗೋದಕ್ಕೆ ಇಷ್ಟೊಂದು ದೂರಾ?" ಎಂದು ಬರೆದ. ಅದಕ್ಕೆ ಹಲವರು ಹೆಬ್ಬೆರಳು ಎತ್ತಿದರು. ಅವಳು ಮೊಬೈಲು ಮಗುಚಿಟ್ಟು ಅನ್ನಕ್ಕೆ ಇಟ್ಟಳು.

ಮರುದಿನ ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಫೋನು ಬಂತು. ಗ್ರೂಪಿನಲ್ಲಿ ಗುಬ್ಬಿ ಎಂಬ ಹೆಸರಿಟ್ಟುಕೊಂಡಿದ್ದ ಹುಡುಗಿ, ಆ ನಾಲ್ವರಲ್ಲಿ ಒಬ್ಬಳು. ಫೋನು ಹಿಡಿದು ಅವಳು ಬಟ್ಟೆಗಂಟುಗಳ ಹಿಂದೆ, ಯಂತ್ರದ ಸದ್ದು ಕಡಿಮೆ ಇರುವ ಮೂಲೆಗೆ ಹೋಗಿ ನಿಂತಳು.

"ಅಕ್ಕ, ನಿಮ್ಮ ಹಳೇ ದನಿ ವಾಪಸ್ ತರಬಹುದು. ಹೇಗಂತ ಹೇಳಿಕೊಡ್ತೀನಿ. ಆದ್ರೆ ನೀವು ತುಂಬಿದ್ದ ಮಾತು ಹೋಯ್ತು. ಅದು ಬರಲ್ಲ."

"ಆಯ್ತಮ್ಮ."

"ಬೈಯಿರಿ ಅಕ್ಕ, ಪರವಾಗಿಲ್ಲ. ಬೆಳಗಿನಿಂದ ಎಲ್ಲರೂ ಬೈತಿದಾರೆ."

"ಬೈಯೋಕೆ ಶಕ್ತಿ ಬೇಕಲ್ಲ. ಒಂದು ಮಾತು ಕೇಳ್ತೀನಿ. ನೀವು ತಿದ್ದಿ ಕಳಿಸೋದು ಸರಿ. ಬಾಗಿಲು ತಟ್ಟಿ ಒಳಗೆ ಬರಬಾರದಾ? ಬೇಡ ಅನ್ನೋಕೆ ಒಂದು ಗುಂಡಿ ಇಡಬಾರದಾ?"

"ಆ ಭಾಗ ಬರೆದೋರು ಬಿಟ್ಟುಹೋದ್ರು ಅಕ್ಕ. ಅದನ್ನ ಮುಟ್ಟಿದ್ರೆ ಇಡೀ ಹಲಗೆ ನಿಂತುಹೋಗತ್ತೆ, ಅದಕ್ಕೇ ಯಾರೂ ಕೈ ಹಾಕಲ್ಲ. ನಾನು ನಮ್ಮಣ್ಣನಿಗೋಸ್ಕರ ಇದಕ್ಕೆ ಸೇರಿದ್ದು. ಅವನು ತೀರಿಕೊಂಡೂ ಆಯ್ತು. ಯಾಕೆ ಇನ್ನೂ ಮಾಡ್ತಿದೀನೋ ಗೊತ್ತಿಲ್ಲ."

ಅವಳಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. "ಊಟ ಮಾಡಿದ್ಯಾ?" ಎಂದು ಕೇಳಿದಳು. "ಇಲ್ಲ" ಎಂದಳು ಗುಬ್ಬಿ. "ಮಾಡು ಹೋಗು" ಎಂದಳು.

ರಜೆಯ ದಿನ ಗುಬ್ಬಿ ಹೇಳಿಕೊಟ್ಟ ಹಾಗೆ ಮಾಡಿ ಹಳೇ ಗೊಗ್ಗರು ದನಿಯನ್ನು ತಂದಳು. ಮಾತುಗಳನ್ನು ಮತ್ತೆ ತುಂಬಲು ಗಂಡನ ಪಕ್ಕ ಮಂಚದ ಮೇಲೆ ಕೂತಳು. ಲೋಟಕ್ಕೆ "ನೀರು ಕೊಡೇ" ಎಂದು ಹಾಕಿ ಕೇಳಿಸಿದಳು. ಅವನು ತಲೆಯಾಡಿಸಿದ. ತಟ್ಟೆಗೆ ಬಂದಳು.

"ಊಟ ಚೆನ್ನಾಗಿದೆ ಕಣೇ. ಅದೇ ಹಾಕ್ಲಾ?"

ಅವನು ಬೇಡ ಎಂದು ತಲೆಯಲ್ಲಾಡಿಸಿದ.

"ಯಾಕ್ರೀ? ದಿನಾ ಒತ್ತುತಿದ್ರಲ್ಲ?"

ಅವನು ಅವಳನ್ನೇ ನೋಡಿದ. ಬಾಯಿಯ ಸರಿಯಿರುವ ಮಗ್ಗುಲು ಕೊಂಚ ಮೇಲೆದ್ದಿತು. ಆ ಗುಂಡಿಯಲ್ಲಿ ಬೇರೆ ಮಾತೇ ಇರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಉಪ್ಪು ಕಡಿಮೆಯಾಗಿದೆ ಎನ್ನಲು ಅವನಿಗೆ ದಾರಿಯಿರಲಿಲ್ಲ. "ಸರಿಯಾಗಿಲ್ಲ ಅಂತ ಹಾಕ್ಲಾ?" ಎಂದಳು. ಅವನು ಜೋರಾಗಿ ಹೌದೆಂದ. ದಿಂಬಿನ ಮಾತಿಗೂ ಬೇಡ ಎಂದ. ನೀ ಮಲಕ್ಕೋ ಹೋಗು, ನಂಗೇನೂ ಬೇಡ. ಅದು ಅವನ ಮಾತಲ್ಲ. ಸುಸ್ತಾಗಿ ಬಂದ ದಿನಗಳಲ್ಲಿ ತನಗೆ ಕೇಳಬೇಕೆನಿಸಿದ್ದನ್ನು ತಾನೇ ಅವನ ಬಾಯಿಗೆ ಹಾಕಿಟ್ಟಿದ್ದಳು.

"ಹಾಗಾದ್ರೆ ಏನು ಹಾಕ್ಲಿ, ನೀವೇ ಹೇಳಿ," ಎಂದು ಅಕ್ಷರಗಳ ಪುಟ ತೆಗೆದು ಅವನ ಎಡಗೈ ಕೆಳಗಿಟ್ಟಳು. ಬೆರಳು ನಿಧಾನವಾಗಿ ಅಕ್ಷರ ಹುಡುಕಿತು. ಬ. ಜ. ದೀರ್ಘ. ರ.

"ಬಜಾರಾ? ಬಜಾರಿಗೆ ಹೋಗ್ಬೇಕಾ? ಈ ಕಾಲಿಟ್ಕೊಂಡು ಹೇಗ್ರೀ?"

ಅವನು ಕಣ್ಣು ಮುಚ್ಚಿ, ತಾಳ್ಮೆಗೆಟ್ಟವನಂತೆ ಉಸಿರು ಬಿಟ್ಟು, ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಶುರುಮಾಡಿದ. ಬ ಒತ್ತಿ, ಏತ್ವದ ಗುಂಡಿ ಹುಡುಕಿ ಹುಡುಕಿ ಒತ್ತಿದ. ಬೇ. ಮುಂದಿನದಕ್ಕೆ ಅವಳು ಕಾಯಬೇಕಾಗಲಿಲ್ಲ.

"ಬೇಜಾರು," ಎಂದಳು.

ಅವನ ಕೈ ಹಲಗೆಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ಅವಳು ದಿಂಬಿನ ಚಿತ್ರಕ್ಕೆ ಆ ಒಂದೇ ಪದ ತುಂಬಿ ಉಳಿಸಿದಳು.

ಮುಂದಿನ ವಾರದಿಂದ ನಾದಿನಿಯ ದೂರು ಶುರುವಾಯಿತು. "ಅತ್ತಿಗೆ, ಅಣ್ಣ ಬೆಳಗಿನಿಂದ ಅದೊಂದೇ ಒತ್ತುತಾನೆ. ಅಡಿಗೆ ಸರಿಯಾಗಿಲ್ಲ ಅಂತಾನೆ, ಬೇಜಾರು ಅಂತಾನೆ. ನನ್ನ ತಲೆ ಕೆಟ್ಟುಹೋಗಿದೆ. ತೆಗೆದುಬಿಡಿ ಅದನ್ನ."

"ಇರ್ಲಿ ಬಿಡೇ," ಎಂದಳು ಅವಳು.

ಗ್ರೂಪಿನಲ್ಲಿ ಬ್ಯಾಟರಿಗೆ ಒಳ್ಳೆಯದೆಂದು ಇನ್ನೊಂದು ಅಪ್‌ಡೇಟಿನ ಸುದ್ದಿ ಬಂತು. ಈ ಸಲ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ, ನೀವು ತುಂಬಿದ ಮಾತುಗಳು ಅಳಿಸಿಹೋಗಬಹುದು ಎಂದು ಗುಬ್ಬಿ ಬರೆದಿದ್ದಳು. ಹಲಗೆಯ ಮೇಲೆ ಬರುವ ಚೌಕದಲ್ಲಿ ಈಗಲೂ 'ಸರಿ' ಒಂದೇ ಎಂದೂ ಬರೆದಿದ್ದಳು. ಅದನ್ನು ಓದಿ, ಅಪ್‌ಡೇಟ್ ಬಾರದಿರಲೆಂದು ಅವಳು ಹಲಗೆಯ ವೈಫೈ ಆರಿಸಿದಳು. ಬ್ಯಾಟರಿ ಸಂಜೆಯವರೆಗೂ ತಡೆಯುತ್ತಿರಲಿಲ್ಲ. ಚಾರ್ಜರಿನ ವೈರನ್ನು ಮಂಚದ ತನಕ ಎಳೆದು ಟೇಪು ಅಂಟಿಸಿದಳು.

ಒಂದು ಸಂಜೆ ಅವಳು ಕೆಲಸದಿಂದ ಬಂದು, ಕೈಕಾಲು ತೊಳೆಯದೆ ಅವನ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ನಾದಿನಿ ಅಂಗಡಿಗೆ ಹೋಗಿದ್ದಳು. ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯನ್ನು ಹಿಂದೆ ತೆಗೆಯುತ್ತಿದ್ದರು. ಅವನು ದಿಂಬು ಒತ್ತಿದ.

"ಬೇಜಾರು."

"ನಂಗೂ ಕಣ್ರೀ," ಎಂದಳು.

ಅವನು ಮತ್ತೆ ಒತ್ತಲಿಲ್ಲ. ಹಲಗೆಯನ್ನು ಪಕ್ಕಕ್ಕೆ ಸರಿಸಿದ. ದೀಪ ಹಾಕಲು ಇಬ್ಬರಿಗೂ ತೋಚಲಿಲ್ಲ. ನಾದಿನಿ ಬಂದು ಸ್ವಿಚ್ಚು ಒತ್ತುವವರೆಗೂ ಹಾಗೇ ಕೂತಿದ್ದರು.